ಮಾಳಿಗೆಯ ಕಂಡಿಗಳು



ಮನೆಯೆಂಬುದಕ್ಕೆ ನಮ್ಮ ಜನ ಬಳಸುವ ಇನ್ನೊಂದು ಮಾತು ಸೂರು. ನೆಲೆಯಿಲ್ಲದವನು ಮೊದಲು ಬೇಡುವುದು ತಲೆಯ ಮೇಲೊಂದು ಸೂರನ್ನೇ. ಸೂರಿನ ಕೆಲಸವೇನೆಂದು ಮಕ್ಕಳನ್ನು ಕೇಳಿದರೂ ಹೇಳಿಯಾರು: ಮಳೆಯನ್ನೂ ಬಿಸಿಲನ್ನೂ ಹೊರಗೆ ನಿಲ್ಲಿಸುವುದು. ಹಾಗಾದರೆ ಒಂದು ಸಣ್ಣ ತೂತೂ ಇಲ್ಲದ ಸೂರೇ ಉತ್ತಮವಾದ ಸೂರು ಎನ್ನಬೇಕಷ್ಟೆ. ಆದರೆ ಅಂಥ ಸೂರಿನ ಕೆಳಗೆ ಮನುಷ್ಯನು ಬಹುಕಾಲ ಬಾಳಲಾರನು. ಒಲೆಯ ಹೊಗೆ ಮೇಲಕ್ಕೆ ಹೋಗಬೇಕು; ನಡುಮನೆಗೆ ಬೆಳಕು ಇಳಿಯಬೇಕು; ಮೇಲಣ ತೊಟ್ಟಿಯ ನೀರು ಕೆಳಗಣ ನಲ್ಲಿಗೆ ಬರಬೇಕು; ಪಾಯಿಖಾನೆಯ ದುರ್ಗಾಳಿ ಮನೆಯೊಳಗೆ ಸುಳಿಯದೆ ಆಕಾಶಕ್ಕೆ ಏರಬೇಕು; ಬಿಸಿಲಿನಿಂದ ನೀರು ಕಾಯಿಸುವ ಯಂತ್ರದ ಕೊಳವೆಯೂ ದೂರದರ್ಶನದ ತಂತಿಯೂ ಒಳಗೆ ಪ್ರವೇಶಿಸಬೇಕು. ಹೀಗೆ ಒಂದು ಕೈಯಿಂದ ನಾವು ಮುಚ್ಚಿದ ಸೂರನ್ನು ಇನ್ನೊಂದು ಕೈಯಿಂದ ನಾವೇ ಕೊರೆಯಬೇಕಾಗಿದೆ. ಕೊರೆದ ಮೇಲೂ ಸೋರದಂತೆ ಮಾಡುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಇದು ಗೌಂಡಿಗಳ ವಿಷಯ, ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಾವು ಕರಣೆ ಹಿಡಿದವರಲ್ಲವೆಂಬುದು ನಿಜ. ಆದರೆ ಮಾಳಿಗೆ ಸೋರಿದಾಗ ಹನಿಯು ಪಂಡಿತರ ಪುಸ್ತಕದ ಮೇಲೂ ಬೀಳುವುದು, ಒಕ್ಕಲಿಗರ ಜೋಳದ ಚೀಲದ ಮೇಲೂ ಬೀಳುವುದು. ಮನೆಯ ಯಜಮಾನನಿಗೆ ಕಾರಣ ತಿಳಿದಿದ್ದರೆ ಗೌಂಡಿಯನ್ನು ಸರಿಯಾದ ಪ್ರಶ್ನೆ ಕೇಳಬಲ್ಲನು. ತಿಳಿಯದಿದ್ದರೆ ಪ್ರತಿ ವರ್ಷವೂ ಅದೇ ತೂತಿಗೆ ಅದೇ ಸಿಮೆಂಟನ್ನು ಮೆತ್ತಿಸಿ ಅದೇ ಹಣವನ್ನು ಕೊಡುತ್ತಿರಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. ಈ ಸೀಮೆಯ ಮನೆಗಳನ್ನು ಮಲೆನಾಡಿನವರು ಕಂಡರೆ ಆಶ್ಚರ್ಯಪಡುವರು. ಅವರ ಮನೆಗೆ ಕಡಿದಾದ ಇಳಿಜಾರು, ಅದರ ಮೇಲೆ ಹೆಂಚು; ಬಿದ್ದ ಮಳೆ ಅರೆಗಳಿಗೆ ನಿಲ್ಲದೆ ಜಾರಿಹೋಗುವುದು. ಈ ಬಯಲುಸೀಮೆಯಲ್ಲಾದರೋ ಮಾಳಿಗೆಯೆಲ್ಲ ಸಮತಟ್ಟು. ಮಳೆ ಕಡಿಮೆ, ಉದ್ದನೆಯ ಮರವೂ ಕಡಿಮೆ; ಮೇಲಾಗಿ ಮಾಳಿಗೆಯೆಂಬುದು ಇಲ್ಲಿ ಇನ್ನೊಂದು ಅಂಗಳ. ಮೆಣಸಿನಕಾಯಿ ಒಣಗುವುದು ಅಲ್ಲಿಯೇ, ಶಾವಿಗೆ ಹಪ್ಪಳ ಒಣಗುವುದು ಅಲ್ಲಿಯೇ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಮಲಗುವುದೂ ಅಲ್ಲಿಯೇ. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೊಂದಿದೆ. ಸಮತಟ್ಟಾದ ಮಾಳಿಗೆಯ ಮೇಲೆ ನೀರು ಓಡುವುದಿಲ್ಲ, ಅಡ್ಡಾಡುತ್ತದೆ. ಅಡ್ಡಾಡುವ ನೀರಿಗೆ ಕಂಡಿಯನ್ನು ಹುಡುಕಲು ಬೇಕಾದಷ್ಟು ಪುರಸೊತ್ತುಂಟು.

ಮಳೆ ಕಡಿಮೆಯೆಂದು ಅಲಕ್ಷ್ಯ ಮಾಡುವಂತಿಲ್ಲ. 30 ಅಡಿ ಅಗಲ, 40 ಅಡಿ ಉದ್ದದ ಮಾಳಿಗೆಯ ಮೇಲೆ ಒಂದೇ ಒಂದು ಅಂಗುಲ ಮಳೆ ಬಿದ್ದಿತೆಂದು ಭಾವಿಸಿ ಲೆಕ್ಕ ಹಾಕಿ ನೋಡೋಣ. ಅದು 100 ಘನ ಅಡಿ ನೀರು, ಎಂದರೆ ಸುಮಾರು 2,800 ಲೀಟರ್. 20 ಲೀಟರಿನ ಕೊಡದಲ್ಲಿ ಅಳೆದರೆ 140 ಕೊಡ. ಹಸ್ತದ ಮಳೆಯ ಒಂದು ಸಂಜೆಯಲ್ಲಿ ಇಷ್ಟು ನೀರು ನಮ್ಮ ತಲೆಯ ಮೇಲೆ ಬಂದು ಇಳಿಯುವ ದಾರಿಯನ್ನು ಹುಡುಕುವುದು. ದೋಣಿಯ ಬಾಯಿ ಹತ್ತಿರವಿದ್ದರೆ ಅಲ್ಲಿ ಇಳಿಯುವುದು; ಕೊಳವೆಯ ಬುಡದ ಬಿರುಕು ಅದಕ್ಕಿಂತ ಹತ್ತಿರವಿದ್ದರೆ ಅಲ್ಲಿಯೇ ಇಳಿಯುವುದು.

ಈ ತೊಂದರೆಯನ್ನು ನಮ್ಮ ಹಿರಿಯರು ಹೇಗೆ ನಿವಾರಿಸಿಕೊಂಡಿದ್ದರು ಎಂಬುದನ್ನು ಮೊದಲು ನೋಡುವುದು ಉಚಿತ. ಹಳೆಯ ಮಣ್ಣಿನ ಮಾಳಿಗೆಯಲ್ಲಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಸೊಪ್ಪು ಅಥವಾ ಹುಲ್ಲಿನ ಹಾಸು; ಎಲ್ಲಕ್ಕೂ ಮೇಲೆ ಮಣ್ಣು. ಮೇಲ್ಪದರಕ್ಕೆ ಎಲ್ಲ ಮಣ್ಣೂ ಸಲ್ಲದು. ಹೊಲದ ಒಳ್ಳೆಯ ಮಣ್ಣನ್ನು ಬಿಟ್ಟು, ಬೆಳೆಗೆ ಬಾರದ ಸವಳು ಮಣ್ಣನ್ನೇ ಹುಡುಕಿ ತಂದು ಹಾಕುತ್ತಿದ್ದರು. ಇದರಲ್ಲಿ ಬಹಳ ದೊಡ್ಡ ವಿವೇಕವಿದೆ. ಸವಳು ಮಣ್ಣಿನ ಜೇಡಿಕಣಗಳಿಗೆ ಸೋಡಿಯಮ್ ಎಂಬ ಲವಣಧಾತು ಅಂಟಿಕೊಂಡಿರುವುದು. ಮೊದಲ ಮಳೆಗೆ ಆ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಉಬ್ಬಿ, ಮಣ್ಣಿನೊಳಗಣ ಸೂಕ್ಷ್ಮರಂಧ್ರಗಳನ್ನೆಲ್ಲ ತಾವೇ ತುಂಬಿಬಿಡುವುವು. ಆಮೇಲೆ ಬಿದ್ದ ನೀರು ಕೆಳಕ್ಕೆ ಇಳಿಯಲಾರದೆ ಮೇಲೆಯೇ ಹರಿದುಹೋಗುವುದು. ಇನ್ನೊಂದು ಲಾಭವೂ ಉಂಟು: ಸವಳಿನಲ್ಲಿ ಹುಲ್ಲು ಸುಲಭವಾಗಿ ಬೇರೂರದು, ಬೇರೂರದ ಕಾರಣ ಬೇರು ಮಾಡುವ ತೂತೂ ಇಲ್ಲ.

ವಿನೋದವೆಂದರೆ, ಇದೇ ಗುಣವು ಗದ್ದೆಗೆ ಶಾಪವಾಗಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ತರುವಾಯ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ನೆಲ ಭತ್ತದ ಕಣಜವಾಯಿತು. ಅತಿಯಾಗಿ ನೀರುಂಡ ಕಡೆ ಅದೇ ನೆಲ ಸವಳು ಜವಳಾಯಿತು. ಇಂಥ ಭೂಮಿಯನ್ನು ತಿರುಗಿ ಸಾಗುವಳಿಗೆ ತರುವ ಸಂಶೋಧನೆಯು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ. ಬೇರಿಗೆ ನೀರಿಳಿಯಗೊಡದ ಮಣ್ಣೇ ತೊಲೆಗೂ ನೀರಿಳಿಯಗೊಡದು. ಹೊಲದಲ್ಲಿ ಅದು ದೋಷ, ಮಾಳಿಗೆಯಲ್ಲಿ ಅದೇ ಗುಣ.

ಇನ್ನು ಆ ಮಾಳಿಗೆಯ ಕಂಡಿಯ ವಿಚಾರ. ಅಡಿಗೆಯ ಮನೆಯ ಮೇಲೆ ಹೊಗೆ ಹೋಗಲು, ನಡುಮನೆಯ ಮೇಲೆ ಬೆಳಕು ಬರಲು ಬೆಳಕಿಂಡಿಗಳನ್ನು ಬಿಡುತ್ತಿದ್ದರು. ಬೆಳಕಿಂಡಿಯ ಬಾಯಿ ಮಾಳಿಗೆಯ ಮಟ್ಟದಲ್ಲಿರುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು. ಅದರ ಸುತ್ತಲೂ ಗೇಣೆತ್ತರದ ದಂಡೆ. ಕೆಲವೆಡೆ ತಳವಿಲ್ಲದ ಗಡಿಗೆಯನ್ನೇ ಕಂಡಿಯಲ್ಲಿ ಕೂರಿಸಿ ಅದರ ಸುತ್ತ ಮಣ್ಣನ್ನು ಏರಿಸಿ ಮೆತ್ತುತ್ತಿದ್ದರು. ಮಳೆ ಕಟ್ಟಿದೊಡನೆ ಮನೆಯ ಹುಡುಗನೊಬ್ಬನು ನಿಚ್ಚಣಿಕೆಯೇರಿ ಅದರ ಮೇಲೊಂದು ಕಲ್ಲಿನ ಚಪ್ಪಡಿಯನ್ನೋ ತಗಡನ್ನೋ ಎಳೆದುಬರುವನು. ದಂಡೆಯಿದ್ದುದರಿಂದ ಮಾಳಿಗೆಯ ಮೇಲೆ ಹರಿಯುವ ನೀರು ಕಂಡಿಗೆ ಬಾರದು. ಮುಚ್ಚಳವು ದಂಡೆಗಿಂತ ಅಗಲವಾಗಿದ್ದುದರಿಂದ ಆಕಾಶದ ನೀರೂ ಬಾರದು. ಅಂಟಿಲ್ಲ, ಅರಗಿಲ್ಲ, ಯಾವ ರಸಾಯನವೂ ಇಲ್ಲ.

ಈ ಎರಡು ಉಪಾಯಗಳು, ಎಂದರೆ ದಂಡೆ ಮತ್ತು ಕೊಡೆ, ನಮ್ಮ ನಾಡಿನಲ್ಲಿ ಬಹಳ ಹಳೆಯವು. ಕೊಪ್ಪಳದ ಪಾಲ್ಕಿಗುಂಡಿನಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನ ಇರುವುದು ಮೇಲೆ ಚಾಚಿದ ಭಾರಿ ಬಂಡೆಯೊಂದರ ಕೆಳಗೆ. ಅದು ನಿಸರ್ಗವೇ ಹಿಡಿದ ಕೊಡೆ. ಕುಷ್ಟಗಿಯಿಂದ ಉತ್ತರಕ್ಕೆ ಹೋಗಿ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮುಟ್ಟಿದರೆ ಅಲ್ಲಿ ಬಾದಾಮಿ ಚಾಲುಕ್ಯರ ಕಾಲದ ಲಾಡಖಾನ್ ಗುಡಿಯನ್ನು ಕಾಣಬಹುದು. ಅದರ ಸೂರು ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳದು. ಎರಡು ಚಪ್ಪಡಿ ಕೂಡುವ ಸಂದು ಸೋರದಿರುವಂತೆ ಸಂದಿನ ಉದ್ದಕ್ಕೂ ಮೇಲೊಂದು ನೀಳವಾದ ಕಲ್ಲಿನ ಪಟ್ಟಿಯನ್ನು ಕವುಚಿದ್ದಾರೆ. ನೋಡುವವರಿಗೆ ಅದು ಮರದ ದಿಮ್ಮಿಗಳಂತೆ ಅಲಂಕಾರವಾಗಿ ತೋರುವುದು. ಮಳೆಗಾಲದಲ್ಲಿ ಅದು ಸಂದಿನ ಕೊಡೆ. ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ್ದು. ಅಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲಿನ ಅಂಚುಗಳನ್ನು ನೋಡಿದವರಿಗೆ, ಆ ಶಿಲ್ಪಿಗಳು ನೀರನ್ನು ಗೋಡೆಯಿಂದ ದೂರಕ್ಕೆ ಎಸೆಯುವ ವಿದ್ಯೆಯಲ್ಲಿಯೂ ನಿಪುಣರೆಂಬುದು ಹೊಳೆಯದಿರದು.

ಈ ಉದಾಹರಣೆಗಳಿಂದ ದೊರೆಯುವ ಸೂತ್ರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನೀರನ್ನು ತಡೆಯುವುದಕ್ಕಿಂತ ತಿರುಗಿಸುವುದು ಸುಲಭ. ಕಂಡಿಯ ಬಾಯಿಯಲ್ಲಿ ನೀರಿನೊಡನೆ ಹೋರಾಡುವವನು ಇಂದಲ್ಲ ನಾಳೆ ಸೋಲುವನು. ನೀರು ಕಂಡಿಯ ಬಾಯಿಗೇ ಬಾರದಂತೆ ಮಾಡಿದವನಿಗೆ ಹೋರಾಟವೇ ಇಲ್ಲ.

ಈಗಿನ ಕಾಂಕ್ರೀಟಿನ ಮನೆಗಳಿಗೆ ಬರೋಣ. ಇಲ್ಲಿ ಮಾಳಿಗೆಯು ಕಲ್ಲಿನಷ್ಟು ಗಟ್ಟಿ, ನೋಡಲು ಶುಭ್ರ. ಗೃಹಪ್ರವೇಶವಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಸ್ನಾನದ ಮನೆಯ ಮೂಲೆಯಲ್ಲಿ ಒಂದು ಹಳದಿಯ ವೃತ್ತ ಕಾಣಿಸುವುದು. ಮೇಲೆ ಹೋಗಿ ನೋಡಿದರೆ ಅಲ್ಲೊಂದು ಕೊಳವೆ. ಅದರ ಬುಡದಲ್ಲಿ ಸಿಮೆಂಟಿನ ಒಂದು ಗಡ್ಡೆ. ಗಡ್ಡೆಗೂ ಕೊಳವೆಗೂ ನಡುವೆ ಕೂದಲೆಳೆಯಂಥ ಬಿರುಕು. ಗೌಂಡಿಯು ಮೈಗಳ್ಳತನ ಮಾಡಿದನೆಂದು ಯಜಮಾನನು ಬೈಯುವನು. ಗೌಂಡಿಯು ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿರಬಹುದು. ಆ ಗಡ್ಡೆಯು ಎಷ್ಟು ಚೆನ್ನಾಗಿ ಮೆತ್ತಿದರೂ ಬಿರಿಯತಕ್ಕದ್ದೇ. ಅದರ ಕಾರಣ ಪದಾರ್ಥಗಳ ಸ್ವಭಾವದಲ್ಲಿದೆ.

ಬಿಸಿಯಾದಾಗ ಎಲ್ಲ ವಸ್ತುವೂ ಹಿಗ್ಗುವುದು, ತಣ್ಣಗಾದಾಗ ಕುಗ್ಗುವುದು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುವುವು. ಅವೆರಡನ್ನೂ ಕೂಡಿಸಿ ಮಾಳಿಗೆ ಹಾಕಲು ಸಾಧ್ಯವಾದದ್ದು ಆ ಹೊಂದಾಣಿಕೆಯಿಂದಲೇ. ಈಗ ನಾವು ಬಳಸುವ ಪಿವಿಸಿ ಕೊಳವೆಯಾದರೋ ಕಾಂಕ್ರೀಟಿನ ಐದಾರು ಪಟ್ಟು ಹಿಗ್ಗುವ ವಸ್ತು. ಉಷ್ಣತೆಯು 30 ಡಿಗ್ರಿಯಷ್ಟು ಏರಿಳಿದರೆ 3 ಮೀಟರ್ ಉದ್ದದ ಪಿವಿಸಿ ಕೊಳವೆ ಸುಮಾರು 6 ಮಿಲಿಮೀಟರ್ ಉದ್ದವಾಗಿ ಮತ್ತೆ ಗಿಡ್ಡವಾಗುವುದು. ಅಷ್ಟೇ ಉದ್ದದ ಕಾಂಕ್ರೀಟು ಒಂದು ಮಿಲಿಮೀಟರು ಮಾತ್ರ. ನಮ್ಮ ಸೀಮೆಯಲ್ಲಿ ಬೇಸಿಗೆಯ ನೆರಳೇ 40 ಡಿಗ್ರಿಯನ್ನು ಮುಟ್ಟುವಾಗ ಬಿಸಿಲಿಗೆ ಮೈಯೊಡ್ಡಿದ ಮಾಳಿಗೆಯ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಹೀಗೆ ಪ್ರತಿದಿನವೂ ಕೊಳವೆಯು ಸಿಮೆಂಟಿನ ಹಿಡಿತದಿಂದ ತನ್ನನ್ನು ಬಿಡಿಸಿಕೊಳ್ಳುತ್ತಿರುವುದು. ಅದರ ಮೈಯೂ ನುಣುಪು. ಸಿಮೆಂಟಿಗೆ ಅಲ್ಲಿ ಹಿಡಿದುಕೊಳ್ಳಲು ಆಸರೆಯೇ ಇಲ್ಲ. ಒಮ್ಮೆ ಕೂದಲೆಳೆಯಷ್ಟು ಸಂದು ಬಿಟ್ಟಿತೋ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಆ ಸಂದು ತಾನಾಗಿಯೇ ನೀರನ್ನು ಒಳಗೆ ಎಳೆದುಕೊಳ್ಳುವುದು.

ಒಳಗಿಳಿದ ನೀರು ಕೂಡಲೇ ತೊಟ್ಟಿಕ್ಕಿದರೆ ಅದೃಷ್ಟವೆನ್ನಬೇಕು. ಕಾಯಿಲೆ ಬೇಗ ಗೊತ್ತಾಯಿತು. ಬಹಳ ಸಲ ಅದು ಕಾಂಕ್ರೀಟಿನೊಳಗಣ ಕಬ್ಬಿಣದ ಸರಳನ್ನು ಸೇರುವುದು. ಸರಳು ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗವನ್ನು ಬೇಡುವುದು. ಜಾಗವಿಲ್ಲದೆ ಅದು ತನ್ನ ಸುತ್ತಲಿನ ಕಾಂಕ್ರೀಟನ್ನು ಒಡೆದು ಕೆಡವುವುದು. ಮಲಗಿದವರ ಮೇಲೆ ಚಕ್ಕೆ ಕಳಚಿ ಬೀಳುವುದು ಹೀಗೆ. ವಿದ್ಯುತ್ತಿನ ತಂತಿ ಓಡಿಸಿದ ಕೊಳವೆಯನ್ನು ನೀರು ಸೇರಿದರೆ ಗೋಡೆ ಮುಟ್ಟಿದವರಿಗೆ ಪ್ರಾಣಾಪಾಯ. ಕೂದಲೆಳೆಯ ಬಿರುಕಿನಿಂದ ಹೊರಟ ಸಂಗತಿ ಎಲ್ಲಿಯವರೆಗೆ ಹೋಗಬಲ್ಲುದು ನೋಡಿರಿ.

ಹಾಗಾದರೆ ಮಾಡತಕ್ಕದ್ದೇನು? ಹಳೆಯ ಬೆಳಕಿಂಡಿಯ ಸೂತ್ರವನ್ನೇ ಹೊಸ ಸಾಮಗ್ರಿಯಲ್ಲಿ ಆಚರಿಸತಕ್ಕದ್ದು. ಹೊಸದಾಗಿ ಮನೆ ಕಟ್ಟಿಸುವವರು ಮಾಳಿಗೆ ಹಾಕುವ ಮುನ್ನವೇ ಯಾವ ಕೊಳವೆ ಎಲ್ಲಿ ಏರಬೇಕೆಂಬುದನ್ನು ಗೊತ್ತುಮಾಡಬೇಕು. ಆಮೇಲೆ ಕೊರೆಯಲು ಹೋದರೆ ಸರಳು ತುಂಡಾಗುವುದು. ನೀರು ದೋಣಿಯ ಕಡೆಗೆ ಹರಿಯಲು 10 ಅಡಿಗೆ ಒಂದೂಕಾಲು ಅಂಗುಲವಾದರೂ ಇಳಿಜಾರು, ಗೌಂಡಿಗಳು ವಾಟವೆನ್ನುವುದು, ಇರಬೇಕು. ಆ ವಾಟದ ಎತ್ತರದ ಕಡೆಯಲ್ಲಿ ಕೊಳವೆಗಳಿರಲಿ, ನೀರು ಕೂಡುವ ತಗ್ಗಿನಲ್ಲಿ ಬೇಡ. ಒಂದು ಕೊಳವೆಗೂ ಇನ್ನೊಂದಕ್ಕೂ, ಕೊಳವೆಗೂ ಗೋಡೆಗೂ ನಡುವೆ ಗೌಂಡಿಯ ಕೈ ಆಡುವಷ್ಟು ಎಡೆಯಿರಲಿ. ಕೈ ಹೋಗದ ಸಂದಿಯಲ್ಲಿ ಒಳ್ಳೆಯ ಕೆಲಸ ನಡೆಯದು.

ಎರಡನೆಯದಾಗಿ, ನೀರಿನ ಕೊಳವೆಯನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹೂಳಬಾರದು. ಅದಕ್ಕಿಂತ ಸ್ವಲ್ಪ ದೊಡ್ಡದಾದ ಕಬ್ಬಿಣದ ಹೊರಕೊಳವೆಯೊಂದನ್ನು ಕಾಂಕ್ರೀಟು ಹಾಕುವಾಗಲೇ ನಿಲ್ಲಿಸಬೇಕು. ಅದರ ನಡುವಿಗೆ ಬೆಸೆದ ತಟ್ಟೆಯಂಥ ಬಳೆಯೊಂದು ಕಾಂಕ್ರೀಟಿನೊಳಗೆ ಹುದುಗಿದ್ದರೆ, ಕೊಳವೆಯ ಹೊರಮೈಯನ್ನು ಹಿಡಿದು ಇಳಿಯುವ ನೀರಿಗೆ ಅಲ್ಲಿಯೇ ಅಡ್ಡಿಯಾಗುವುದು. ಈ ಹೊರಕೊಳವೆ ಸಿದ್ಧವಾದ ಮಾಳಿಗೆಯ ಮಟ್ಟಕ್ಕಿಂತ ಆರು ಅಂಗುಲವಾದರೂ ಮೇಲಕ್ಕೆ ಏರಿರಬೇಕು. ಇದೇ ನಮ್ಮ ದಂಡೆ. ಇದರ ಬುಡದಲ್ಲಿ ನೀರು ನಿಲ್ಲದಂತೆ ಗಾರೆಯನ್ನು ಓರೆಯಾಗಿ ಮೆತ್ತಿ ದುಂಡಗೆ ತೀಡಬೇಕು. ನೆಟ್ಟಗಿನ ಮೂಲೆಯಲ್ಲಿ ಬಿರುಕು ಬೇಗ ಹುಟ್ಟುವುದು. ದುಂಡಾದ ಮೂಲೆಯಲ್ಲಿ ಹಾಗಲ್ಲ.

ಮೂರನೆಯದು ಲೇಪ. ನೀರು ಹೀರದ ಲೇಪವನ್ನು ಒಮ್ಮೆ ಬಳಿದು, ಹಸಿಯಿರುವಾಗಲೇ ಅದರ ಮೇಲೆ ತೆಳುವಾದ ನೂಲಿನ ಜಾಲರಿಯನ್ನು ಸುತ್ತಿ, ಮತ್ತೊಮ್ಮೆ ಬಳಿಯಬೇಕು. ಮಾಳಿಗೆಯಿಂದ ಹೊರಕೊಳವೆಯ ಮೈಯ ಮೇಲಕ್ಕೂ ಅದು ಏರಿರಬೇಕು. ಬರಿಯ ಲೇಪವು ಬಿರುಕು ಬಿಟ್ಟ ಕಡೆ ತಾನೂ ಹರಿಯುವುದು; ಬಟ್ಟೆಯನ್ನೊಳಗೊಂಡ ಲೇಪವು ಸಂದಿನ ಮೇಲೆ ಸೇತುವೆಯಂತೆ ನಿಲ್ಲುವುದು. ಇದು ಹೊಸ ವಿದ್ಯೆಯೆಂದು ಅಂಗಡಿಯವರು ಹೇಳುವರು. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರನ್ನು ಕೇಳಿದರೆ ನಕ್ಕಾರು. ಹಗುರವಾದ ಮರದ ತುಂಡುಗಳನ್ನು ಜೋಡಿಸಿ ಗೊಂಬೆ ಮಾಡುವಾಗ ಅವರು ಹುಣಿಸೆಬೀಜದ ಅಂಟನ್ನು ಬಳಿದು, ಅದರ ಮೇಲೆ ಅರಿವೆಯ ತುಣುಕುಗಳನ್ನು ಹಚ್ಚಿ, ಆಮೇಲೆಯೇ ಬಣ್ಣಕ್ಕೆ ತಕ್ಕ ಮೈಯನ್ನು ಕಟ್ಟುವರು. ಮರದ ಕೀಲು ಬಣ್ಣದ ಮೇಲೆ ಬಿರುಕಾಗಿ ಮೂಡದಂತೆ ಕಾಯುವುದು ಆ ಅರಿವೆ.

ನಾಲ್ಕನೆಯದಾಗಿ, ಹೊರಕೊಳವೆಗೂ ಒಳಗಣ ಕೊಳವೆಗೂ ಇರುವ ಸಂದನ್ನು ಸಿಮೆಂಟಿನಿಂದ ತುಂಬಲೇಬಾರದು. ಮೆತ್ತನೆಯ ಹಗ್ಗವನ್ನು ತುರುಕಿ, ಅದರ ಮೇಲೆ ರಬ್ಬರಿನಂತೆ ಎಳೆದರೆ ಎಳೆಯಿಸಿಕೊಳ್ಳುವ ಅಂಟನ್ನು ಸುರಿಯಬೇಕು. ಪೇಟೆಯಲ್ಲಿ ಅದಕ್ಕೆ ಸೀಲೆಂಟ್ ಎಂದು ಹೆಸರು. ಕೊಳವೆಯು ತನ್ನ ಇಷ್ಟದಂತೆ ಹಿಗ್ಗಲಿ, ಕುಗ್ಗಲಿ; ಅಂಟು ಅದರೊಡನೆ ಓಲಾಡುವುದು. ಕೊನೆಯದಾಗಿ, ಒಳಗಣ ಕೊಳವೆಗೆ ಮೇಲಿನಿಂದ ಒಂದು ತಗಡಿನ ಅಥವಾ ರಬ್ಬರಿನ ಲಂಗವನ್ನು ಬಿಗಿಯಾಗಿ ಕಟ್ಟಿ, ಅದು ಹೊರಕೊಳವೆಯ ಬಾಯಿಯನ್ನು ದಾಟಿ ಕೆಳಗೆ ಇಳಿಬೀಳುವಂತೆ ಮಾಡಬೇಕು. ಇದೇ ನಮ್ಮ ಕೊಡೆ. ಕೊಡೆಯಿದ್ದರೆ ಬಿಸಿಲಿಗೆ ಅಂಟು ಬೇಗ ಹಳತಾಗದು. ಅಂಟು ಸತ್ತರೂ ಮಳೆಯ ಹನಿ ಸಂದಿಗೆ ಬೀಳದು.

ತಗಡಿನ ಸೂರಿನಿಂದ ಏರುವ ಬಿಸಿ ಚಿಮಣಿಗೆ ಈ ಅಂಟು ಸಲ್ಲದು, ಕರಗಿಹೋಗುವುದು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿರುವಂಥ ತಗಡಿನ ಮಾಡುಗಳಲ್ಲಿ ಚಿಮಣಿಯ ಸುತ್ತ ತಗಡಿನ ಕೊರಳುಪಟ್ಟಿಯನ್ನು ಕೂರಿಸಬೇಕಾಗುವುದು. ಆ ಪಟ್ಟಿಯ ಮೇಲಂಚು ಮೇಲಣ ತಗಡಿನ ಅಡಿಗೆ ಸೇರಿರಬೇಕು, ಕೆಳಂಚು ಕೆಳಗಣ ತಗಡಿನ ಮೇಲೆ ಹಾದಿರಬೇಕು. ಮೀನಿನ ಮೈಮೇಲಣ ಪೊರೆಗಳಂತೆ ಪ್ರತಿ ಪದರವೂ ತನ್ನ ನೀರನ್ನು ಕೆಳಗಣ ಪದರದ ಮೇಲೆ ಚೆಲ್ಲಬೇಕು. ಇದನ್ನು ತಲೆಕೆಳಗು ಮಾಡಿದರೆ ಎಷ್ಟು ಡಾಂಬರು ಬಳಿದರೂ ನಿಷ್ಪ್ರಯೋಜನ.

ತಂತಿಗಳ ಮಾತು ಇನ್ನೂ ಸುಲಭ. ಸಾಧ್ಯವಾದಷ್ಟು ಅವನ್ನು ಮಾಳಿಗೆಯಿಂದ ಇಳಿಸದೆ ಸಜ್ಜೆಯ ಕೆಳಗಣ ಗೋಡೆಯಿಂದ ಒಳಗೆ ತೆಗೆದುಕೊಳ್ಳಬೇಕು. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ತಂತಿಯು ಒಳಹೊಗುವ ಮುನ್ನ ಒಮ್ಮೆ ಕೆಳಕ್ಕೆ ಜೋಲುಬಿದ್ದು ಮತ್ತೆ ಮೇಲೇರಲಿ. ಅದನ್ನು ಹಿಡಿದು ಬಂದ ನೀರು ಜೋಲಿನ ತಳದಲ್ಲಿಯೇ ತೊಟ್ಟಿಕ್ಕಿ ಹೋಗುವುದು. ಮಾಳಿಗೆಯಿಂದಲೇ ಇಳಿಸಬೇಕಾದರೆ ಕೊಡೆಯ ಹಿಡಿಯಂತೆ ಬಾಗಿದ ಕೊಳವೆಯನ್ನು ನಿಲ್ಲಿಸಿ, ನೆಲ ನೋಡುವ ಅದರ ಬಾಯಿಯಿಂದ ತಂತಿಯನ್ನು ಒಳಗೆ ಬಿಡಬೇಕು. ಮಳೆ ಕೆಳಗಿನಿಂದ ಮೇಲಕ್ಕೆ ಸುರಿಯುವುದಿಲ್ಲವಷ್ಟೆ.

ಈಗಾಗಲೇ ಸೋರುತ್ತಿರುವ ಮನೆಯವರು ನಿರಾಶರಾಗಬೇಕಾಗಿಲ್ಲ. ಆದರೆ ಹನಿ ಬಿದ್ದ ಜಾಗದ ನೆತ್ತಿಯಲ್ಲಿಯೇ ತೂತಿದೆಯೆಂದು ನಂಬಬಾರದು. ನೀರು ಕಾಂಕ್ರೀಟಿನ ಒಳಗೆ ಬಹುದೂರ ತೆವಳಿಕೊಂಡು ಹೋಗಿ ತನಗೆ ಅನುಕೂಲವಾದ ಕಡೆ ಇಳಿಯುವುದು. ಒಣ ದಿನವೊಂದರಲ್ಲಿ ತಗ್ಗಿನ ಕಡೆಯಿಂದ ಆರಂಭಿಸಿ ಒಂದೊಂದೇ ಕೊಳವೆಯ ಬುಡಕ್ಕೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಒಳಗೆ ಒಬ್ಬರು ಕಾದು ನೋಡಬೇಕು. ಕಳ್ಳ ಯಾರೆಂಬುದು ಹೀಗೆ ತಿಳಿಯುವುದು. ಸಿಕ್ಕಿದ ಕಡೆ ಹಳೆಯ ಗಡ್ಡೆಯನ್ನು ಪೂರ್ತಿ ಕಿತ್ತು, ಕೊಳವೆಯನ್ನು ಒಳಗೆ ಬಿಟ್ಟುಕೊಂಡು ಆರಂಗುಲದ ಚಿಕ್ಕ ದಂಡೆಯನ್ನು ಕಟ್ಟಿ, ಮೇಲೆ ಹೇಳಿದಂತೆ ಲೇಪ, ಅಂಟು, ಕೊಡೆಗಳನ್ನು ಏರ್ಪಡಿಸಬೇಕು. ಹಳೆಯ ಗಡ್ಡೆಯ ಮೇಲೆ ಹೊಸ ಗಡ್ಡೆಯನ್ನು ಮೆತ್ತುವುದು ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಹೊಸ ಕಾಂಕ್ರೀಟಿನ ಮಾಳಿಗೆಯಾದರೆ ಗುತ್ತಿಗೆದಾರನ ಲೆಕ್ಕ ಚುಕ್ತಾ ಮಾಡುವ ಮುನ್ನ ದೋಣಿಯ ಬಾಯಿಗಳನ್ನು ಕಟ್ಟಿ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡುವುದು ಲೇಸು. ಮಣ್ಣಿನ ಮಾಳಿಗೆಯಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಕೂಡದು.

ಏಕೆ ಕೂಡದು ಎಂಬುದನ್ನು 2009ರ ವರ್ಷ ನಮಗೆ ಕಲಿಸಿತು. ಆ ಸೆಪ್ಟೆಂಬರಿನ ಕೊನೆಯಲ್ಲಿ, ಅಕ್ಟೋಬರಿನ ಮೊದಲ ದಿನಗಳಲ್ಲಿ, ಉತ್ತರ ಕರ್ನಾಟಕದ ಮೇಲೆ ಬಿಡದೆ ಸುರಿದ ಮಳೆಗೆ ಕೊಪ್ಪಳವೂ ಸೇರಿ ಅನೇಕ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಕುಸಿದುಬಿದ್ದವು. 10 ಅಡಿ ಚೌಕದ ಕೋಣೆಯ ಮೇಲೆ ಒಂದು ಅಡಿ ದಪ್ಪದ ಮಣ್ಣಿದ್ದರೆ ಒಣಗಿದಾಗಲೇ ಅದರ ತೂಕ ಸುಮಾರು ನಾಲ್ಕೂವರೆ ಟನ್ನು. ನೀರು ಕುಡಿದರೆ ಭಾರ ಇನ್ನೂ ಏರುವುದು. ಅದೇ ವೇಳೆಗೆ ಗೋಡೆಯ ಬಲ ಇಳಿಯುವುದು. ಮಣ್ಣಿನ ಮಾಳಿಗೆಯನ್ನು ಹೊಗಳುವಾಗ ಇದನ್ನು ಮರೆಯಕೂಡದು. ಅದು ವರ್ಷವರ್ಷವೂ ಆರೈಕೆ ಬೇಡುವ ಮಾಳಿಗೆ. ಮೃಗಶಿರೆಗೆ ಮುಂಚೆ ಮಣ್ಣು ಸರಿಪಡಿಸಿ, ಬಿರುಕು ತುಂಬಿ, ದೋಣಿ ಬಿಡಿಸುವ ಕೈಗಳು ಮನೆಯಲ್ಲಿದ್ದಷ್ಟು ದಿನ ಅದು ಬಾಳಿತು. ದುಡಿಮೆಯನ್ನರಸಿ ಆ ಕೈಗಳು ದೂರದ ಊರಿಗೆ ಹೋದಾಗ ಮಾಳಿಗೆ ಅನಾಥವಾಯಿತು. ಕಾಂಕ್ರೀಟಿಗೆ ಆರೈಕೆ ಬೇಡವೆಂದು ನಂಬಿದ ನಾವು ಆ ಹಳೆಯ ವಾಡಿಕೆಯನ್ನು ಮಣ್ಣಿನೊಡನೆಯೇ ಕೆಳಗೆ ಸುರಿದೆವು.

ಇನ್ನೊಂದು ಮಾತು ಹೇಳಿ ಮುಗಿಸುವೆವು. ಅದೇ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಸೋರುವ ಕಾಟವನ್ನು ತಾಳಲಾರದ ಅನೇಕರು ಬಹಳ ಸುಲಭವಾದ ದಾರಿಯನ್ನು ಹಿಡಿಯುವರು: ಕಂಡಿಯನ್ನೇ ಮುಚ್ಚಿಬಿಡುವರು. ಬೆಳಕಿಂಡಿಯ ಮೇಲಣ ಚಪ್ಪಡಿಗೆ ಸಿಮೆಂಟು ಮೆತ್ತಿಸುವರು. ಪಾಯಿಖಾನೆಯ ಗಾಳಿಕೊಳವೆಯನ್ನು ಮಾಳಿಗೆಯ ಕೆಳಗೇ ಕತ್ತರಿಸಿ ಬಿರಡೆ ಹಾಕಿಸುವರು. ಹನಿ ನಿಲ್ಲುವುದು, ನಿಜ. ಆದರೆ ಕಟ್ಟಿಗೆಯ ಒಲೆ ಇನ್ನೂ ಉರಿಯುವ ಮನೆಯಲ್ಲಿ ಹೊಗೆಯೆಲ್ಲ ಅಡಿಗೆ ಮಾಡುವ ತಾಯಿಯ ಎದೆಗೂ ಮಡಿಲಲ್ಲಿರುವ ಕೂಸಿನ ಎದೆಗೂ ಇಳಿಯುವುದು. ಮನೆಯೊಳಗಣ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2016ರಿಂದ ಉಜ್ವಲಾ ಯೋಜನೆಯಲ್ಲಿ ಅನಿಲದ ಒಲೆ ಬಡವರ ಮನೆಗೂ ಬಂದಿತು. ಆದರೂ ನೀರು ಕಾಯಿಸಲು, ರೊಟ್ಟಿ ಬೇಯಿಸಲು ಹಳೆಯ ಒಲೆ ಉರಿಯುತ್ತಿರುವ ಮನೆಗಳುಂಟು. ಗಾಳಿಕೊಳವೆಯಿಲ್ಲದ ಪಾಯಿಖಾನೆಯಲ್ಲಾದರೋ, ಬಾಗುಕೊಳವೆಯಲ್ಲಿ ನಿಂತು ದುರ್ಗಾಳಿಯನ್ನು ತಡೆಯಬೇಕಾದ ನೀರನ್ನು ಹರಿಯುವ ನೀರೇ ಸೆಳೆದುಕೊಂಡು ಹೋಗುವುದು. ಆಮೇಲೆ ಚರಂಡಿಯ ವಾಸನೆಗೆ ಮನೆಯೇ ದಾರಿ. ಮಳೆಗೆ ಅಂಜಿ ಉಸಿರನ್ನು ಕಟ್ಟಿಕೊಳ್ಳುವುದು ಯಾವ ಜಾಣತನ?

ಆದಕಾರಣ ಕಂಡಿಗಳು ಇರಲಿ. ಅವಕ್ಕೆ ದಂಡೆಯೂ ಇರಲಿ, ಕೊಡೆಯೂ ಇರಲಿ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿಯುವ ದಿನಗಳಲ್ಲಿ ಮನೆಯವರೊಬ್ಬರು ಒಮ್ಮೆ ಮಾಳಿಗೆಯೇರಿ ಬರುವ ವಾಡಿಕೆಯನ್ನು ಇಟ್ಟುಕೊಳ್ಳೋಣ. ದೋಣಿಯ ಬಾಯಲ್ಲಿ ಎಲೆ, ಮಣ್ಣು ಕೂತಿದ್ದರೆ ತೆಗೆಯಬೇಕು. ಪ್ರತಿ ಕೊಳವೆಯ ಬುಡವನ್ನೂ ಬೆರಳಿನಿಂದ ಸವರಿ ಸಂದು ಬಿಟ್ಟಿದೆಯೇ ನೋಡಬೇಕು. ಕೊಡೆ ಸಡಿಲವಾಗಿದ್ದರೆ ಬಿಗಿ ಮಾಡಬೇಕು. ಅರ್ಧ ಗಂಟೆಯ ಕೆಲಸ ಇದು. ಆ ಅರ್ಧ ಗಂಟೆಯನ್ನು ಮಳೆ ಬರುವುದಕ್ಕೆ ಮುಂಚೆಯೇ ಕೊಡೋಣ.